ಅಣ್ಣ ಅಂಥಾದ್ದೇನ್ ತಿಂದಿದ್ದ?

ಬ್ಯಾಕ್ಟೀರಿಯಾ ಬೆಳಸೂ ಮ್ಯಾಕ್‌ಕಾಂಕಿ ಪ್ಲೇಟ್ ಮ್ಯಾಲ ಇ. ಕೋಲೈ ಅನ್ನೂ ಬ್ಯಾಕ್ಟೀರಿಯಾ ಬೆಳದಿದ್ದನ್ನ ನೋಡಿದ್ರ ನಿಮಗೂ ಚಂದ ಅನಸ್ತೈತಿ. ಇದನ್ನ ನಾ ಮನ್ಯಾಗ ಹೇಳಿದ್ರ ಎಲ್ಲಾರೂ ಮೂಗ ಮುಚ್ಕೋತಾರ, ಇರ್ಲಿ. ಸಂಜಿಮುಂದ ಯಾರದೋ ಉರಿಮೂತ್ರದ ಸ್ಯಾಂಪಲ್ ಬಂದಿರ್ತೈತಿ, ಲೂಪ್ ಕಾಸಿ ಆರಿಸಿ ಪ್ಲೇಟ್ ಮ್ಯಾಲ ಗೆರಿ ಎಳದು ಇನ್ಕ್ಯುಬೇಟರ್‌ನ್ಯಾಗ 37 ಡಿಗ್ರಿಗೆ ಇಟ್ಟು ಮನಿಗೆ ಹೋಗ್ತೀನಿ, ಮರುದಿನ ಮುಂಜಾನಿ ಬಂದು ಬಾಗ್ಲಾ ತಗದ್ರ ಪ್ಲೇಟ್ ತುಂಬ ಗುಲಾಬಿ ಚುಕ್ಕಿ, ಹೋಳಿ ಹುಣ್ಣಿಮಿ ಮುಗದ ಮ್ಯಾಲ ಗ್ವಾಡಿಗೆ ಬಣ್ಣ ಸಿಡದಿರ್ತೈತಲ್ಲ, ಹಂಗ. ಬಾಗಲಕೋಟಿ ಮಂದಿಗೆ ಹೋಳಿ ಬಿಟ್ರ ಬ್ಯಾರೆ ಹೋಲಿಕಿ ಎಲ್ಲಿಂದ ಹೊಳೀಬೇಕು. ನವನಗರದ ಒಂದ್ ಸಣ್ಣ ಲ್ಯಾಬಿನ್ಯಾಗ 14 ವರ್ಷದಿಂದ ನಂದು ಇದ ಕೆಲಸ.

ಹಂಗಾಗಿ ಇ. ಕೋಲೈ ಅಂದ್ರ ನನ್ನ ಪಾಲಿಗೆ ಖಾಯಂ ಗಿರಾಕಿ. ಅದರ ಹೆಸರು ಟೈಪ್ ಮಾಡಿ, ಯಾವ ಆ್ಯಂಟಿಬಯೋಟಿಕ್‌ಗೆ ಬಗ್ತೈತಿ ಯಾವುದಕ್ಕ ಬಗ್ಗಂಗಿಲ್ಲ ಅಂತ ಲಿಸ್ಟ್ ಹಚ್ಚಿ ಪ್ರಿಂಟ್ ಕೊಟ್ರ ಕೆಲಸ ಮುಗೀತು. ಎಲ್ಲಾರ ಕರುಳಿನ್ಯಾಗೂ ಇರ್ತೈತಿ, ಅಲ್ಲಿದ್ರ ಪಾಪದ್ದು, ದಾರಿ ತಪ್ಪಿ ಮೂತ್ರಕೋಶಕ್ಕ ಬಂದ್ರ ತ್ರಾಸು, ಹಿಂಗಂತ ಡಿಎಂಎಲ್‌ಟಿ ಅನ್ನೂ ಲ್ಯಾಬ್ ಕೋರ್ಸಿನ್ಯಾಗ ಕಲಿಸಿದ್ರು, ನಾನೂ ಹಂಗ ನಂಬಿದ್ದೆ. ಆ "ಅಲ್ಲಿದ್ರ ಪಾಪದ್ದು" ಅನ್ನೂ ಮಾತು ಅಷ್ಟ ಸರಳ ಇಲ್ಲ ಅಂತ ಗೊತ್ತಾಗಿದ್ದು ನಮ್ಮ ಅಣ್ಣನ ಸಂಬಂಧ ಬೆಳಗಾವಿಗೆ ಅಡ್ಡಾಡೂ ಮುಂದ.

ಅಣ್ಣ ಅಂದ್ರ ದೊಡ್ಡಪ್ಪನ ಹಿರಿ ಮಗ. ಬೀಳಗಿ ತಾಲೂಕಿನ ಒಂದ್ ಹಳ್ಯಾಗ ಪ್ರೈಮರಿ ಸಾಲಿ ಮಾಸ್ತರ. ಕುಡಿಯಂಗಿಲ್ಲ, ಸೇದಂಗಿಲ್ಲ, ಎಲಿಅಡಿಕಿ ಸೈತ ಮದವಿ ಮನ್ಯಾಗ ಯಾರರ ಕೈಯಾಗ ಇಟ್ರ ಅಷ್ಟ. ಮನ್ಯಾಗ ಮಾಂಸ ಬೇಯಿಸಂಗಿಲ್ಲ. 39 ವರ್ಷಕ್ಕ ಅವಗ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಆತು.

ಆತು ಅಂದ್ರ ಅವತ್ತ ಗೊತ್ತಾತು. ಸಂಡಾಸದಾಗ ರಕ್ತ ಬೀಳಾಕ ಶುರು ಆಗಿ ಒಂದ್ ವರ್ಷದ ಮ್ಯಾಲ ಆಗಿತ್ತು. ಯಾರಿಗೆ ಹೇಳೂದ್ರಿ? ವೈನಿಗೆ ಹೇಳಿಲ್ಲ, ದೊಡ್ಡವ್ವಗ ಹೇಳಿಲ್ಲ, ಜೋಡಿ ಕೆಲಸ ಮಾಡೂ ಒಬ್ಬ ಮಾಸ್ತರಗ ಹೇಳ್ಯಾನ, ಅವರು "ಹೀಟ್ ಆಗೇತಿ ನಿಮಗ, ದಿನಾ ಗಾಡಿ ಮ್ಯಾಲ ಅಷ್ಟ ದೂರ ಹೋಗಿ ಬರ್ತೀರಿ, ಮೂಲವ್ಯಾಧಿ ಅದು" ಅಂದಾರ. ಆತು, ಮೂಲವ್ಯಾಧಿ. ಗ್ವಾಡಿ ಮ್ಯಾಲ ನೀಲಿ ಬಣ್ಣದಾಗ ಬರದಿರ್ತಾರಲ್ಲ, ಮೂಲವ್ಯಾಧಿ ಭಗಂದರ ಆಪರೇಷನ್ ಇಲ್ಲದೆ ಗುಣ ಗ್ಯಾರಂಟಿ ಅಂತ, ಅಂಥಾ ಒಂದ್ ಕಡೆ ಹೋಗಿ ಪುಡಿ ತಂದು ಮಜ್ಜಿಗಿ ಒಳಗ ಹಾಕ್ಕೊಂಡು ಆರು ತಿಂಗಳು ಕುಡದ. ಖಾರ ಬಿಟ್ಟ. ನಮ್ಮ ಮನಿ ಗಂಡಸು ಕೆಂಪ ಚಟ್ನಿ ಬಿಟ್ಟಾನ ಅಂದ್ರನ ನಾವು ಏನೋ ಐತಿ ಅಂತ ತಿಳ್ಕೋಬೇಕಿತ್ತು. ಪ್ಯಾಂಟ್ ಸಡ್ಲ ಆಗಾಕ ಹತ್ತಿದಾಗ ವೈನಿ "ತೂಕ ಇಳದಾನ, ಚಲೋ ಆತು" ಅಂತ ಖುಷಿಪಟ್ಟಿದ್ಲು, ಅದನ್ನ ನೆನಸಿ ಅಕಿ ಈಗ ಎಷ್ಟ ಅಳ್ತಾಳಂದ್ರ ಹೇಳಾಕ ಬರಂಗಿಲ್ಲ.

ನಾನೂ ತಪ್ಪು ಮಾಡೀನಿ, ಅದನ್ನ ಮೊದ್ಲ ಬರದು ಮುಂದ ಹೋಗ್ತೀನಿ. ಅದರ ನಡೂಕ ಒಮ್ಮೆ ಅಂವ "ಭಾಳ ದಣಿವಾಗಾಕತ್ತೈತಿ, ರಕ್ತ ಚೆಕ್ ಮಾಡು" ಅಂತ ನನ್ನ ಲ್ಯಾಬಿಗೇ ಬಂದಿದ್ದ. ಸೂಜಿ ಚುಚ್ಚಿದಾಕಿ ನಾನ, ಮಷಿನ್ನಿಗೆ ಟ್ಯೂಬ್ ಹಾಕಿದಾಕಿ ನಾನ. ಹಿಮೋಗ್ಲೋಬಿನ್ 7.8, ಎಂಸಿವಿ, ಅಂದ್ರ ಕೆಂಪು ರಕ್ತಕಣದ ಗಾತ್ರ, 66, ಎರಡೂ ಕಡಿಮಿ. ನಮ್ಮ ಕಡೆ ಹೆಣ್ಮಕ್ಕಳದು 7, 8 ದಿನಾ ನೋಡಿ ನೋಡಿ ಕಣ್ಣು ಸತ್ತು ಹೋಗಿರ್ತೈತಿ. "ಅಣ್ಣಾ, ಕಬ್ಬಿಣದ ಅಂಶ ಕಡಿಮಿ ಐತಿ, ಶೇಂಗಾ ಬೆಲ್ಲ ತಿನ್ನು, ಡಾಕ್ಟರಿಗೆ ತೋರಿಸಿ ಗುಳಗಿ ತಗೋ" ಅಂತ ಹೇಳಿ ಕಳಿಸಿದೆ. ಹೊಟ್ಟಿ ತುಂಬ ಉಣ್ಣೂ ಗಂಡಸಿಗೆ, ತಿಂಗಳಾ ತಿಂಗಳಾ ರಕ್ತ ಹೋಗಲಾರದ ದೇಹಕ್ಕ, ಕಬ್ಬಿಣ ಇಷ್ಟ ಕಡಿಮಿ ಆಗೈತಿ ಅಂದ್ರ ಒಳಗ ಎಲ್ಲೋ ಸೋರಾಕತ್ತೈತಿ ಅಂತ ಅರ್ಥ. ಇದು ನನಗ ಪುಸ್ತಕದಾಗ ಗೊತ್ತಿತ್ತು. ಸಂಡಾಸದಾಗ ಕಣ್ಣಿಗೆ ಕಾಣಲಾರದ ರಕ್ತ ಹುಡಕೂ ಆಕಲ್ಟ್ ಬ್ಲಡ್ ಕಿಟ್ ನನ್ನ ಹಿಂದಿನ ರ್‍ಯಾಕಿನ್ಯಾಗ ಇತ್ತು, ಕೈ ಚಾಚಿದ್ರ ಸಿಗೂ ಅಷ್ಟ ದೂರದಾಗ. ನಾ ಕೇಳಲಿಲ್ಲ, ಅಂವ ಹೇಳಲಿಲ್ಲ. ಅಣ್ಣಗ ತಂಗಿ ಹೆಂಗ ಕೇಳ್ತಾಳ್ರಿ, ಸಂಡಾಸ ಹೆಂಗ ಆಗ್ತೈತಿ ಅಂತ? ಮಂದಿ ಆ ಡಬ್ಬಿ ತರೂ ಮುಂದ ಮೊದ್ಲ ಪೇಪರ್‌ನ್ಯಾಗ ಸುತ್ತಿ, ಆಮ್ಯಾಲ ಕರಿ ಕ್ಯಾರಿಬ್ಯಾಗಿನ್ಯಾಗ ಹಾಕಿ, ಅದನ್ನ ಮತ್ತೊಂದು ಚೀಲದಾಗ ಇಟ್ಕೊಂಡು ಬರ್ತಾರ, ಕೌಂಟರ್ ಮ್ಯಾಲ ಇಟ್ಟು ಮಾರಿ ಆಕಡೆ ತಿರುವ್ತಾರ, ಏನೋ ಕದ್ದು ತಂದವರಂಗ.

ಕಡೀಕ ಸಾಲ್ಯಾಗ ಪ್ರಾರ್ಥನಾ ಹೊತ್ತಿನ್ಯಾಗ ಚಕ್ಕರ್ ಬಂದು ಬಿದ್ದ. ಬೆಳಗಾವಿಗೆ ಕರ್ಕೊಂಡು ಹೋದ್ವಿ, ಕ್ಯಾಮೆರಾ ಹಾಕಿದ್ರು, ಎಡಗಡಿ ಕರುಳಿನ್ಯಾಗ ಗಂಟು. ಬಯಾಪ್ಸಿ, ಸ್ಕ್ಯಾನ್, ಆಪರೇಷನ್, ಸುತ್ತಲಿನ ಗ್ರಂಥಿಗೂ ಹತ್ತೈತಿ ಅಂತ ಕಿಮೊ. ಆ ಭಾಗ ನಾ ಉದ್ದಕ ಬರ್ಯಂಗಿಲ್ಲ, ಅಂಥಾ ಕಥಿ ಈಗ ಎಲ್ಲಾರ ಮನ್ಯಾಗೂ ಒಂದೊಂದ ಅದಾವ. ಒಂದ ಮಾತ್ರ. ಆಕ್ಸಾಲಿಪ್ಲಾಟಿನ್ ಅಂತ ಒಂದ್ ಇಂಜೆಕ್ಷನ್ ಐತಿ, ಅದನ್ನ ಕೊಟ್ಟ ಮ್ಯಾಲ ತಂಪು ಯಾವುದೂ ಮುಟ್ಟಾಕ ಬರಂಗಿಲ್ಲ, ಬೆರಳಿಗೆ ಕರೆಂಟ್ ಹೊಡದಂಗ ಆಗ್ತೈತಿ, ತಣ್ಣೀರು ಕುಡದ್ರ ಗಂಟಲ ಹಿಡದಂಗ ಆಗ್ತೈತಿ. ಅದು ಏಪ್ರಿಲ್ ತಿಂಗಳ, ಬಾಗಲಕೋಟಿ ಬಿಸಲು ಗೊತ್ತಲ್ಲ ನಿಮಗ, ಎಲ್ಲಾರೂ ಹರವಿ ನೀರು ಮೊಗದು ಮೊಗದು ಕುಡ್ಯಾಕತ್ತಿದ್ರ ಅಂವ ಬಿಸಿನೀರಿನ ಲೋಟ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂತಿರ್ತಿದ್ದ, ಸ್ಟೀಲ್ ತಾಟು ಮುಟ್ಟೂ ಮುಂದ ಕೈಗೆ ಟಾವೆಲ್ ಸುತ್ಕೋತಿದ್ದ.

ನೋಡಾಕ ಬಂದವರೆಲ್ಲಾ ಕೇಳಿದ್ದು ಒಂದ ಪ್ರಶ್ನಿ. "ಅಂಥಾದ್ದೇನ್ ತಿಂದಿದ್ದ?"

ಒಬ್ಬರು ಬಿಸಿಯೂಟದ ಎಣ್ಣಿ ಅಂದ್ರು. ಒಬ್ಬರು ಪ್ಲಾಸ್ಟಿಕ್ ಕಪ್ಪಿನ ಚಾ. ಗೋಬಿ ಮಂಚೂರಿ ಬಣ್ಣ ಅಂದ್ರು, ಹೊಲಕ್ಕ ಹೊಡ್ಯೂ ಎಣ್ಣಿ ಅಂದ್ರು, ಕಾಕಾ ಒಬ್ಬರು ಬಂದು "ರಾತ್ರಿ ಮಸರು ಉಣ್ತಿದ್ದ, ನಾ ಆವಾಗಿಂದ ಹೇಳ್ತಿದ್ದೆ" ಅಂದು ಹೋದ್ರು. ಈ ಪ್ರಶ್ನಿ ಸುತ್ತಿ ಸುತ್ತಿ ಎಲ್ಲಿ ಹೋಗಿ ಬೀಳ್ತೈತಿ ಗೊತ್ತೇನ್ರಿ? ಅಡಗಿಮನಿಗೆ. "ಡಬ್ಬಿಗೆ ಏನ್ ಕಟ್ತಿದ್ದೆವ್ವಾ ದಿನಾ?" ಅಂತ ಒಬ್ಬ ಹಿರ್‍ಯಾಕಿ ವೈನಿಗೆ ಕೇಳಿದ್ಲು, ಸಿಟ್ಟಿನಿಂದ ಏನಲ್ಲ, ಮಾತಿಗೆ ಕೇಳಿದ್ದು. ಮರುದಿನ ನಾ ಹೋದಾಗ ವೈನಿ ನಾನ್‌ಸ್ಟಿಕ್ ಹಂಚು, ಎರಡ್ ಪ್ಲಾಸ್ಟಿಕ್ ಡಬ್ಬಿ, ಅರ್ಧ ಉಳದ ಎಣ್ಣಿ ಪ್ಯಾಕೀಟು, ಮೈಕ್ರೊವೇವ್ ಬಟ್ಟಲ ಎಲ್ಲಾ ಒಂದ್ ಗ್ವಾಣಿಚೀಲಕ್ಕ ತುಂಬಿ ಹಿತ್ತಲದಾಗ ಇಟ್ಟಿದ್ಲು. ಗಾಣದ ಎಣ್ಣಿ ತರಿಸಿದ್ಲು. ಆ ಚೀಲ ನೋಡಿ ನನಗ ಎದಿ ಒಡದಂಗ ಆತು, ನಾ ಈ ಬರಹ ಬರ್ಯಾಕ ಕಾರಣ ಅಂದ್ರ ಆ ಚೀಲ.

2025ರ ಏಪ್ರಿಲ್‌ದಾಗ ನೇಚರ್ ಪತ್ರಿಕಾದಾಗ ಒಂದು ಅಧ್ಯಯನ ಬಂತು. 11 ದೇಶದ 981 ಮಂದಿಯ ದೊಡ್ಡ ಕರುಳಿನ ಕ್ಯಾನ್ಸರ್ ಗಂಟು ತಗೊಂಡು ಅದರ ಡಿಎನ್‌ಎ ಪೂರ್ತಿ ಓದ್ಯಾರ, ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರ ಮುಂದಾಳತ್ವದಾಗ. ಅದರಾಗ ಒಂದು ನಮೂನಿ ಗುರುತು, 40 ವರ್ಷದ ಒಳಗ ಕ್ಯಾನ್ಸರ್ ಆದವರೊಳಗ 70 ದಾಟಿದವರಿಗಿಂತ 3.3 ಪಟ್ಟು ಹೆಚ್ಚು ಕಂಡೈತಿ. ಆ ಗುರುತು ಬಿಟ್ಟು ಹೋಗಿದ್ದು ಕೋಲಿಬ್ಯಾಕ್ಟಿನ್ ಅನ್ನೂ ವಿಷ. ಆ ವಿಷ ತಯಾರು ಮಾಡೂದು ಯಾರು ಅಂದ್ರ ನನ್ನ ಖಾಯಂ ಗಿರಾಕಿ, ಇ. ಕೋಲೈ. ಬೆಳಗಾವಿಂದ ಹೊಳ್ಳಿ ಬರೂ ಬಸ್ಸಿನ್ಯಾಗ, ಯರಗಟ್ಟಿ ದಾಟಿ ಲೋಕಾಪುರ ಬರೂತನಕ, ಅದನ್ನ ಮೊಬೈಲಿನ್ಯಾಗ ಎರಡ್ ಸಲ ಓದಿದೆ. ಬಾಜೂಕ ಅಣ್ಣ ಕಿಡಕಿಗೆ ತಲಿ ಹಚ್ಚಿ ಮಲಗಿದ್ದ.

ಎಲ್ಲಾ ಇ. ಕೋಲೈ ಇದನ್ನ ಮಾಡಂಗಿಲ್ಲ, ಇದನ್ನ ಮೊದ್ಲ ಹೇಳಿಬಿಡ್ತೀನಿ, ಇಲ್ಲಂದ್ರ ನಾಳೆ ನನ್ನ ಕೌಂಟರ್ ಮುಂದ ಸಾಲು ಹತ್ತೈತಿ. ಕೆಲವು ತಳಿಯ ಡಿಎನ್‌ಎ ಒಳಗ ಪಿಕೆಎಸ್ ಅಂತ ಒಂದು ತುಂಡು ಇರ್ತೈತಿ, ಸುಮಾರು 54 ಸಾವಿರ ಅಕ್ಷರದ್ದು, ಅದು ಇದ್ದವು ಮಾತ್ರ ಈ ವಿಷ ಮಾಡ್ತಾವ. ಫ್ರಾನ್ಸಿನ ತುಲೂಸ್ ಊರಿನ ವಿಜ್ಞಾನಿಗಳು ಮತ್ತ ಅವರ ಸಂಗಡದವರು 2006ರಾಗ ಇದನ್ನ ಮೊದಲ ಸಲ ತೋರಿಸಿದ್ರು, ಈ ಬ್ಯಾಕ್ಟೀರಿಯಾ ತಾಗಿದ ಸೆಲ್ಲಿನ ಡಿಎನ್‌ಎ ಎರಡೂ ಎಳಿ ಹರದು ಹೋಗ್ತಾವ ಅಂತ. ಉರಿಮೂತ್ರ ತರೂ ತಳಿಗಳೊಳಗೂ ಈ ತುಂಡು ಸಾಕಷ್ಟು ಸಿಗ್ತೈತಿ. ಅಂದ್ರ ನಾ 14 ವರ್ಷ ನೋಡಿದ ಗುಲಾಬಿ ಚುಕ್ಕಿ ಒಳಗ ಎಷ್ಟೋ ಅಂಥಾವ ಇದ್ದಿರ್ಬೇಕು. ಪ್ಲೇಟ್ ಮ್ಯಾಲ ಫರಕ್ ಕಾಣಂಗಿಲ್ಲ, ಎಲ್ಲಾ ಗುಲಾಬಿನ.

ಕೋಲಿಬ್ಯಾಕ್ಟಿನ್ ಹಿಡಿಯಾಕ ಮಂದಿ ಭಾಳ ಒದ್ದಾಡ್ಯಾರ. ಅದು ಎಷ್ಟ ನಾಜೂಕು ಅಂದ್ರ ಬಾಟ್ಲಿಯೊಳಗ ತಗದು ಇಡಾಕ ಬರಲಿಲ್ಲ, ಅಷ್ಟರಾಗ ಒಡದು ಹೋಗ್ತಿತ್ತು. ಅದು ಡಿಎನ್‌ಎಗೆ ಏನ್ ಮಾಡಿ ಹೋಗೈತಿ ಅನ್ನೂದರಿಂದನ ಹಿಂದಕ್ಕ ಲೆಕ್ಕ ಹಾಕಿ 2019ರ ಹೊತ್ತಿಗೆ ಅದರ ರೂಪ ತಿಳ್ಕೊಂಡ್ರು. ಡಿಎನ್‌ಎ ಅಂದ್ರ ಎರಡ್ ಎಳಿ ಹುರಿ ಹಾಕಿದ ದಾರ ಅಂತ ತಿಳ್ಕೋರಿ. ಒಂದು ಸೆಲ್ ಎರಡಾಗೂ ಮುಂದ ಈ ಎಳಿ ಜಿಪ್ ತಗದಂಗ ಬಿಚ್ಕೋಬೇಕು. ಈ ವಿಷಕ್ಕ ಎರಡೂ ತುದಿಗೆ ಒಂದೊಂದ ಕೊಕ್ಕಿ ಅದಾವ, ಒಂದು ಕೊಕ್ಕಿ ಈಕಡಿ ಎಳಿಯ ಅಡಿನೀನ್‌ಗೆ ಸಿಗಸ್ತೈತಿ, ಇನ್ನೊಂದು ಆಕಡಿ ಎಳಿಯ ಅಡಿನೀನ್‌ಗೆ. ಜಿಪ್ಪಿನ್ಯಾಗ ಅರಿವಿ ಸಿಕ್ಕೊಂಡ್ರ ಹೆಂಗ, ಹಂಗ ಅಲ್ಲೇ ನಿಂತುಬಿಡ್ತೈತಿ. ಸೆಲ್ ಸುಮ್ನ ಕುಂಡ್ರಂಗಿಲ್ಲ, ಕತ್ತರಿಸಿ, ಹೊಲದು, ತ್ಯಾಪಿ ಹಾಕಿ ರಿಪೇರಿ ಮಾಡ್ತೈತಿ. ಭಾಳಷ್ಟು ಸಲ ರಿಪೇರಿ ಸರಿ ಆಗ್ತೈತಿ, ಇಲ್ಲಂದ್ರ ಆ ಸೆಲ್ ಸಾಯ್ತೈತಿ, ಕರುಳಿನ ಒಳಮೈ ಹೆಂಗೂ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗ್ತಿರ್ತೈತಿ, ನಷ್ಟ ಇಲ್ಲ. ಯಾವಾಗೋ ಒಮ್ಮೆ, ಬುಡದಾಗ ಕುಂತು ಜೀವಮಾನ ಪೂರ್ತಿ ಹೊಸ ಸೆಲ್ ಹಡಿಯೂ ಸ್ಟೆಮ್ ಸೆಲ್ಲಿನ್ಯಾಗ ಈ ತ್ಯಾಪಿ ತಪ್ಪಾಗಿ ಬೀಳ್ತೈತಿ. ಟಿ ಟಿ ಟಿ ಟಿ ಅಂತ ಇದ್ದ ಸಾಲಿನ್ಯಾಗ ಒಂದ್ ಟಿ ಬಿಟ್ಟು ಹೋಗ್ತೈತಿ. ಅಷ್ಟ. ಅದರಿಂದ ಹುಟ್ಟಿದ್ದೆಲ್ಲಾ ಆ ತಪ್ಪನ್ನ ಹೊತ್ಕೊಂಡ ಹುಟ್ತಾವ.

ಇಷ್ಟ ಆದ ಮ್ಯಾಲ, ಎಷ್ಟೋ ವರ್ಷದ ಹಿಂದ ಬಿದ್ದ ತಪ್ಪು ಈ ಬ್ಯಾಕ್ಟೀರಿಯಾನ ಮಾಡಿದ್ದು ಅಂತ ಹೆಂಗ ಹೇಳ್ತಾರ? ನನಗೂ ಇದ ಡೌಟ್ ಬಂತು. ನಮ್ಮ ದೊಡ್ಡಪ್ಪ ಜ್ವಾಳದ ಚೀಲ ನೋಡಿ ಯಾರ ಕೆಲಸ ಅಂತ ಹೇಳ್ತಿದ್ರು. ಇಲಿ ಕಡದಿದ್ರ ಚೀಲದ ಮೂಲ್ಯಾಗ ತೂತು, ಕೆಳಗ ಅರ್ಧ ತಿಂದ ಕಾಳು. ನುಸಿ ಹತ್ತಿದ್ರ ಚೀಲ ಹಂಗ ನೆಟ್ಟಗಿರ್ತೈತಿ, ಕಾಳಿನ್ಯಾಗ ಸೂಜಿಮೊನಿ ತೂತು, ಬೆರಳಾಗ ತಿಕ್ಕಿದ್ರ ಹಿಟ್ಟು. ಇಲಿ ಕಣ್ಣಿಗೆ ಬೀಳಬೇಕಂತಿಲ್ಲ. ಡಿಎನ್‌ಎ ಒಳಗೂ ಹಿಂಗ. ಬಿಸಲಿಗೆ ಸುಟ್ಟ ಚರ್ಮದ ಸೆಲ್ಲಿನ ತಪ್ಪು ಒಂದ್ ನಮೂನಿ, ಬೀಡಿ ಸಿಗರೇಟಿನ ಹೊಗಿಯಿಂದ ಆದ ತಪ್ಪು ಇನ್ನೊಂದ್ ನಮೂನಿ. ಕೋಲಿಬ್ಯಾಕ್ಟಿನ್‌ದು ಯಾವ ನಮೂನಿ ಅಂತ ನೋಡಾಕ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೇವರ್ಸ್ ಅವರ ಲ್ಯಾಬಿನವರು ಒಂದು ಕೆಲಸ ಮಾಡಿದ್ರು, 2020ರಾಗ ಪ್ರಕಟ ಆತು. ಮನುಷ್ಯನ ಕರುಳಿನ ಸೆಲ್ ತಗೊಂಡು ಪ್ಲೇಟಿನ್ಯಾಗ ಸಾಸಿವಿಕಾಳಿನಗಿಂತ ಸಣ್ಣ ಕರುಳು ಬೆಳಸಿ, ಅದರ ಹೊಟ್ಟ್ಯಾಗ ಸೂಜಿಲೆ ಈ ಬ್ಯಾಕ್ಟೀರಿಯಾ ಬಿಟ್ಟು, ಹಿಂಗ 5 ತಿಂಗಳು ಮಾಡಿ, ಆಮ್ಯಾಲ ಡಿಎನ್‌ಎ ಓದಿದ್ರು. ವಿಷದ ಜೀನ್ ತಗದುಹಾಕಿದ ಬ್ಯಾಕ್ಟೀರಿಯಾನೂ ಬ್ಯಾರೆ ಕರುಳಿಗೆ ಬಿಟ್ಟಿದ್ರು, ಹೋಲಿಸಾಕ. ವಿಷ ಇದ್ದದ್ದರಾಗ ಮಾತ್ರ ಒಂದು ವಿಶಿಷ್ಟ ತಪ್ಪಿನ ಸಾಲು. ಅದನ್ನ ಹಿಡ್ಕೊಂಡು 5 ಸಾವಿರಕ್ಕಿಂತ ಹೆಚ್ಚು ಕ್ಯಾನ್ಸರ್ ಡಿಎನ್‌ಎ ಜೋಡಿ ತಾಳೆ ನೋಡಿದ್ರ, ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ನ್ಯಾಗ ಅದ ಸಾಲು ಸಿಕ್ತು. ಆ ಪೇಪರ್ ಓದಿ ನಾ ಸುಮ್ನ ಕುಂತುಬಿಟ್ಟೆ. ನನ್ನ ಇನ್ಕ್ಯುಬೇಟರ್‌ನ್ಯಾಗ ಅವತ್ತೂ ಮೂರು ಪ್ಲೇಟ್ ಇದ್ವು.

ಬ್ಯಾಕ್ಟೀರಿಯಾಕ್ಕೂ ಕ್ಯಾನ್ಸರಿಗೂ ನಂಟು ಅನ್ನೂದು ಹೊಸದೇನಲ್ಲ. ಹೆಲಿಕೊಬ್ಯಾಕ್ಟರ್ ಪೈಲೋರಿ ಜಠರದಾಗ ಹುಣ್ಣು ಮಾಡ್ತೈತಿ ಅಂತ ಯಾರೂ ನಂಬಲಾರದಕ್ಕ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಾಗ ಅದರ ಕಲ್ಚರ್ ತಾನ ಕುಡದು ಹೊಟ್ಟಿ ಕೆಡಿಸ್ಕೊಂಡ, 2005ರಾಗ ರಾಬಿನ್ ವಾರೆನ್ ಜೋಡಿ ನೊಬೆಲ್ ಬಂತು. ಅದ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರಿಗೂ ಕಾರಣ ಅಂತ ಈಗ ಎಲ್ಲಾರೂ ಒಪ್ತಾರ. ದೊಡ್ಡ ಕರುಳಿನ ವಿಷಯದಾಗೂ ಇ. ಕೋಲೈ ಒಂದ ಅಲ್ಲ, ಬಾಯಾಗ ಹಲ್ಲಿನ ಸಂದಿಯೊಳಗ ಇರೂ ಫ್ಯುಸೊಬ್ಯಾಕ್ಟೀರಿಯಂ ಅನ್ನೂದು ಕರುಳಿನ ಗಂಟಿನ್ಯಾಗ ಹೋಗಿ ಮನಿ ಮಾಡಿದ್ದು 2012ರಿಂದ ಕಾಣಾಕತ್ತೈತಿ. ಬ್ಯಾಕ್ಟೀರಾಯಿಡಿಸ್ ಫ್ರಾಜಿಲಿಸ್ ಅಂತ ಇನ್ನೊಂದರ ಕೆಲವು ತಳಿನೂ ಹಿಂಗ ವಿಷ ಬಿಡ್ತಾವ.

ಅದ 2012ರಾಗ ಇಲಿ ಮ್ಯಾಲ ಮಾಡಿದ ಒಂದು ಪ್ರಯೋಗ ನನಗ ಭಾಳ ಹಿಡಿಸ್ತು, ಅಮೆರಿಕಾದ ಕ್ರಿಶ್ಚಿಯನ್ ಜೋಬಿನ್ ಅವರ ತಂಡದ್ದು. ಕರುಳಿನ್ಯಾಗ ಉರಿಯೂತ ಆಗೂ ಜಾತಿ ಇಲಿ ತಗೊಂಡು, ಕೆಲವಕ್ಕ ವಿಷ ಮಾಡೂ ಇ. ಕೋಲೈ, ಕೆಲವಕ್ಕ ಪಿಕೆಎಸ್ ಕತ್ತರಿಸಿದ್ದು ಕೊಟ್ರು. ಎರಡರಾಗೂ ಕರುಳಿನ ಉರಿಯೂತ ಹೆಚ್ಚುಕಡಿಮಿ ಅಷ್ಟ ಇತ್ತು, ಖರೆ ಪಿಕೆಎಸ್ ಇಲ್ಲದ್ದರಾಗ ಗಂಟು ಕಡಿಮಿ. ಮಂದಿಯೊಳಗೂ ಸ್ವಲ್ಪ ಸ್ಯಾಂಪಲ್ ನೋಡ್ಯಾರ, ಸಣ್ಣ ಲೆಕ್ಕನ ಅದು: ಕ್ಯಾನ್ಸರ್ ಇದ್ದವರೊಳಗ ನೂರಕ್ಕ 67 ಮಂದಿಯಲ್ಲಿ ಈ ಪಿಕೆಎಸ್ ಇದ್ದದ್ದು ಸಿಕ್ತು, ಕರುಳಿನ ಉರಿಯೂತದ ರೋಗ ಇದ್ದವರೊಳಗ 40, ಏನೂ ಇಲ್ಲದವರೊಳಗ 21. ಆ ಕಡೀ ಅಂಕಿ ಸ್ವಲ್ಪ ನಿಂತು ನೋಡ್ರಿ. ಏನೂ ಇಲ್ಲದವರೊಳಗೂ ಐದರಾಗ ಒಬ್ಬರಿಗೆ ಇತ್ತು. ಅವರೆಲ್ಲಾ ಆರಾಮ ಉಂಡ್ಕೊಂಡು ತಿಂದ್ಕೊಂಡು ಇದ್ದವರು.

ಇನ್ನೊಂದು ತಮಾಷಿ ಐತಿ. ಮೊದಲ ಮಹಾಯುದ್ಧದಾಗ ಜರ್ಮನಿಯ ಆಲ್ಫ್ರೆಡ್ ನಿಸ್ಲ ಅನ್ನೂ ಡಾಕ್ಟರು, ಸುತ್ತಲಿನವರೆಲ್ಲಾ ಭೇದಿ ಹತ್ತಿ ಮಲಗಿದ್ರೂ ಒಬ್ಬ ಸೈನಿಕಗ ಏನೂ ಆಗಲಿಲ್ಲಂತ ಅವನ ಸಂಡಾಸದಿಂದ ಒಂದ್ ಇ. ಕೋಲೈ ತಗದ. ನಿಸ್ಲ 1917 ಅಂತ ಅದರ ಹೆಸರು, ಹೊಟ್ಟಿ ಚಲೋ ಇರಾಕ ಅಂತ ಪ್ರೊಬಯೋಟಿಕ್ ಗುಳಗಿ ಮಾಡಿ ನೂರು ವರ್ಷದಿಂದ ಮಾರ್‍ಯಾರ. ಆ ಒಳ್ಳೆ ಬ್ಯಾಕ್ಟೀರಿಯಾದೊಳಗೂ ಪಿಕೆಎಸ್ ಐತಿ! ಹಿಂಗಾದ್ರ ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅಂತ ಹೆಂಗ ವಿಂಗಡಿಸ್ತೀರಿ. ಅದು ನಮ್ಮ ಮ್ಯಾಲಿನ ಹಗಿಗೆ ವಿಷ ಮಾಡೂದೂ ಅಲ್ಲಂತ. ಕರುಳು ಅಂದ್ರ ಸಂತಿ ಇದ್ದಂಗ, ಜಾಗಾಕ್ಕ ಜಗಳ, ಬಾಜೂಕಿನ ಬ್ಯಾಕ್ಟೀರಿಯಾ ಓಡಿಸಾಕ ಈ ವಿಷ. ಆ ಬಾಜೂದವರ ಒಳಗ ಮಲಗಿದ್ದ ವೈರಸ್ ಎಬ್ಬಿಸಿ ಅವರನ್ನ ಒಡದು ಹಾಕ್ತೈತಿ ಅಂತ 2022ರಾಗ ತೋರ್ಸ್ಯಾರ. ಅವರವರ ಜಗಳದಾಗ ಕಲ್ಲು ಬಂದು ನಮ್ಮ ಕಿಡಕಿಗೆ ಬಡದಂಗ.

ಈಗ ನನಗ ನಿದ್ದಿಗೆಡಿಸಿದ ಭಾಗ. ಆ ಗುರುತು ಯಾವಾಗ ಬಿದ್ದದ್ದು ಅಂತಾನೂ ಲೆಕ್ಕ ಹಾಕಾಕ ಬರ್ತೈತಂತ. ಕ್ಯಾನ್ಸರ್ ಗಂಟು ಬೆಳಿಯಾಕ ಶುರು ಆಗೂ ಮೊದಲಿನ ತಪ್ಪು ಯಾವು, ಆಮ್ಯಾಲಿನವು ಯಾವು ಅಂತ ಬ್ಯಾರೆ ಮಾಡಿ ನೋಡಿದ್ರ, ಕೋಲಿಬ್ಯಾಕ್ಟಿನ್‌ದು ಮೊದಲಿನ ಸಾಲಿನ್ಯಾಗ ಬರ್ತೈತಿ. 42 ಮಂದಿಯ ಕರುಳಿನ ಕ್ಯಾನ್ಸರ್ ಹತ್ತಲಾರದ ಸೆಲ್ ಓದಿದ 2019ರ ಇನ್ನೊಂದು ಕೆಲಸದಾಗೂ ಇದ ಗುರುತು ಕೆಲವರೊಳಗ ಸಿಕ್ಕಿತ್ತು, ಅದೂ ಸಣ್ಣ ವಯಸ್ಸಿನ್ಯಾಗ ಬಿದ್ದದ್ದು. ಹುಟ್ಟಿದ ಮೊದಲ ಹತ್ತು ವರ್ಷದ ಒಳಗ ಅಂತ ಅವರ ಅಂದಾಜು. ಎಪಿಸಿ ಅಂತ ಒಂದ್ ಜೀನ್ ಐತಿ, ಕರುಳಿನ ಸೆಲ್ಲಿಗೆ ಬ್ರೇಕ್ ಇದ್ದಂಗ, ದೊಡ್ಡ ಕರುಳಿನ ಕ್ಯಾನ್ಸರ್‌ನ್ಯಾಗ ಮೊದ್ಲ ಕೆಡೂದು ಹೆಚ್ಚಾಗಿ ಅದ. ಆ ಬ್ರೇಕ್ ಮ್ಯಾಲನೂ ಈ ವಿಷದ ಕಚ್ಚು ಸಿಕ್ಕಾವ. ಏಳೆಂಟು ವರ್ಷದ ಹುಡುಗಗ ಒಂದ್ ಬ್ರೇಕ್ ತಂತಿ ಹರದಿರ್ತೈತಿ, ಅಂವ ಸಾಲಿಗೆ ಹೋಗ್ತಾನ, ಮದವಿ ಆಗ್ತಾನ, ಪಗಾರ ತಗೋತಾನ, ಇನ್ನೊಂದೆರಡು ತಪ್ಪು ಬ್ಯಾರೆ ಯಾವ್ಯಾವ ಕಾರಣಕ್ಕೋ ಬಂದು ಕೂಡ್ತಾವ, 60ಕ್ಕ ಬರಬೇಕಾಗಿದ್ದು 39ಕ್ಕ ಬರ್ತೈತಿ. ಇ. ಕೋಲೈ ಮೊದಲ ಸಲ ಕಂಡದ್ದೂ ಕೂಸುಗಳ ಸಂಡಾಸದಾಗನ, 1885ರಾಗ, ಥಿಯೊಡೋರ್ ಎಷರಿಕ್ ಅನ್ನೂ ಮಕ್ಕಳ ಡಾಕ್ಟರಿಗೆ. ಹುಟ್ಟಿದ ಕೆಲವ ದಿನದಾಗ ಅದು ಬಂದು ಸೇರ್ಕೊಂಡಿರ್ತೈತಿ, ಭಾಳ ಸಲ ಅವ್ವನಿಂದನ.

ಅಣ್ಣಗ ಏಳು ವರ್ಷ ಇದ್ದಾಗ ನಾವೆಲ್ಲಾ ಹಳೇ ಬಾಗಲಕೋಟ್ಯಾಗ ಇದ್ವಿ. ನವನಗರ ಇನ್ನ ಕಾಗದದ ಮ್ಯಾಲಿತ್ತು. ಆ ಓಣಿ ಈಗ ಇಲ್ಲ, ಆಲಮಟ್ಟಿ ಹಿನ್ನೀರಿಗೆ ಹೋತು. ಜಲಾಶಯ 519 ಮೀಟರ್ ದಾಟಿದಾಗ ಸೇತುವಿ ಮ್ಯಾಲ ನಿಂತು ದೊಡ್ಡವ್ವ ಬೆರಳು ಮಾಡಿ ತೋರಸ್ತಾಳ, ಅಲ್ಲಿ ನಮ್ಮ ಕಟ್ಟಿ, ಅಲ್ಲಿ ನಳ ಅಂತ, ನೋಡಿದ್ರ ಬರೇ ನೀರು. "ಅಂಥಾದ್ದೇನ್ ತಿಂದಿದ್ದ" ಅಂತ ಕೇಳವರು ಆ ನೀರಾಗ ಮುಳುಗಿ ಹುಡಕಬೇಕು. ಅವ್ವ ಮಾಡಿ ಹಾಕಿದ ರೊಟ್ಟಿ ಮುರಕೊಂಡು ಮಸರು ಹಚ್ಕೊಂಡು ತಿಂದಾನ, ಘಟಪ್ರಭಾದಾಗ ಈಸಾಡ್ಯಾನ, ಭೇದಿ ಆದಾಗ ಯಾವುದೋ ಔಷಧಿ ಕುಡದಾನ, ಎಲ್ಲಾ ಹುಡುಗೂರಂಗ. ಅಣ್ಣನ ಗಂಟಿನ ಡಿಎನ್‌ಎ ಯಾರೂ ಓದಿಲ್ಲ, ಅದರಾಗ ಈ ಗುರುತು ಐತೋ ಇಲ್ಲೋ ಯಾರೂ ಹೇಳಾಕ ಬರಂಗಿಲ್ಲ, ಮ್ಯಾಲ ಆ 11 ದೇಶದಾಗ ನಮ್ಮ ದೇಶ ಇಲ್ಲ. ನಾ ಹೇಳೂದು ಇಷ್ಟ: ವೈನಿ ನಾನ್‌ಸ್ಟಿಕ್ ಹಂಚು ಚೀಲಕ್ಕ ತುಂಬೂ ಮುಂದ, ಕಾರಣ ಅಕಿ ಆ ಮನಿಗೆ ಸೊಸಿ ಆಗಿ ಬರೂ ಎಷ್ಟೋ ವರ್ಷ ಮೊದ್ಲ ನಡದಿರ್ಬೋದು ಅಂತ ಅಕಿಗೆ ಯಾರೂ ಹೇಳಿದ್ದಿಲ್ಲ.

ನಾ ಹೇಳಿದೆ. ಜ್ವಾಳದ ಚೀಲದ ಕಥಿ ಸಮೇತ. ವೈನಿ ಎಲ್ಲಾ ಕೇಳಿ "ಹಂಗಾದ್ರ ಹಂಚು ಒಳಗ ತರ್ಲೇನ?" ಅಂದ್ಲು. ಹಂಚಿನ ವಿಷಯ ಬ್ಯಾರೆ, ಅದು ಹೆಂಗೂ ಕೆತ್ತಿ ಹೋಗಿತ್ತು, ಇರ್ಲಿ ಬಿಡು ಅಂದೆ.

ಊಟಕ್ಕ ಸಂಬಂಧನ ಇಲ್ಲ ಅಂತ ಅಂದ್ಕೋಬ್ಯಾಡ್ರಿ ಮತ್ತ. ದಾರು, ತಂಬಾಕು, ಬೊಜ್ಜು, ಸಂಸ್ಕರಿಸಿದ ಮಾಂಸ ಇವೆಲ್ಲಾ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚು ಮಾಡೂದು ಖರೇನ ಐತಿ. ಕರುಳಿನ ಒಳಗ ಲೋಳಿ ಪದರ ಇರ್ತೈತಿ, ಬ್ಯಾಕ್ಟೀರಿಯಾ ಸೆಲ್ಲಿಗೆ ತಾಗಲಾರದಂಗ ತಡಿಯೂದು ಅದು, ಕೋಲಿಬ್ಯಾಕ್ಟಿನ್ ಕೆಲಸ ಮಾಡಾಕ ಬ್ಯಾಕ್ಟೀರಿಯಾ ಸೆಲ್ಲಿನ ಹತ್ತಿರ ಬರಬೇಕು. ನಾವು ನಾರು ತಿನ್ನದಿದ್ರ ಹಸದ ಬ್ಯಾಕ್ಟೀರಿಯಾ ಆ ಲೋಳಿನ ತಿನ್ನಾಕ ಶುರು ಮಾಡ್ತಾವ ಅಂತ ಇಲಿಯೊಳಗ ತೋರ್ಸ್ಯಾರ. ನಾರು ಸಿಕ್ರ ಅದನ್ನ ಕೊಳಿಸಿ ಬ್ಯುಟಿರೇಟ್ ಮಾಡ್ತಾವ, ಅದು ಕರುಳಿನ ಸೆಲ್ಲಿಗೆ ಊಟ. 2015ರಾಗ ಒಂದು ಮಜಾ ಪ್ರಯೋಗ ಮಾಡಿದ್ರು, ಅಮೆರಿಕಾದ 20 ಕರಿಯ ಜನಾಂಗದವರಿಗೆ ದಕ್ಷಿಣ ಆಫ್ರಿಕಾದ ಹಳ್ಳಿ ಊಟ, ಆ ಹಳ್ಳಿಯ 20 ಮಂದಿಗೆ ಅಮೆರಿಕಾದ ಊಟ, ಎರಡ ವಾರ ಅದಲುಬದಲು. ಅಷ್ಟರಾಗ ಕರುಳಿನ ಉರಿಯೂತದ ಲಕ್ಷಣ ಎರಡೂ ಕಡೆ ತಿರುವುಮುರುವು ಆಗಿದ್ವು. ಇದನ್ನ ಕೇಳಿ ನಮ್ಮ ಕಾಕಾ "ನೋಡು, ಜ್ವಾಳದ ರೊಟ್ಟಿ, ಹಕ್ಕರಕಿ, ಮೆಂತೆ ತಪ್ಪಲ, ಅಗಸಿ ಹಿಂಡಿ, ನಮ್ಮ ಹಿರ್‍ಯಾರು ದಡ್ಡರಿದ್ರೇನ?" ಅಂತ ಎದಿ ಸೆಟಿಸಿದ್ರು. ದಡ್ಡರಿದ್ದಿಲ್ಲ ಬಿಡ್ರಿ. ಆದ್ರ ಅಣ್ಣನೂ ಅದನ್ನ ತಿಂದು ಬೆಳದಾಂವ. ಹತ್ತು ಸಾವಿರ ಮಂದಿ ಲೆಕ್ಕಕ್ಕ ರೊಟ್ಟಿ ಕಾಯ್ತೈತಿ, ಒಬ್ಬನ ಮನಿ ಬಾಗಲಕ್ಕ ನಿಂತು ಕಾವಲು ಕಾಯಂಗಿಲ್ಲ.

ಆ್ಯಂಟಿಬಯೋಟಿಕ್ ಗುಳಗಿ ನುಂಗಿ ಈ ಬ್ಯಾಕ್ಟೀರಿಯಾ ಸಾಯಿಸಿದ್ರಾಗಂಗಿಲ್ಲೇನು ಅಂತ ಈಗಾಗಲೇ ಇಬ್ಬರು ಕೇಳ್ಯಾರ. ಬ್ಯಾಡ್ರಿ. ಐದರಾಗ ಒಬ್ಬರಿಗೆ ಇರೂದನ್ನ ಹಂಗ ಓಡಿಸಾಕ ಹೋದ್ರ ಬಾಜೂಕಿನ ಚಲೋವು ಎಲ್ಲಾ ಸಾಯ್ತಾವ, ಉಳದವು ಗುಳಗಿಗೆ ಬಗ್ಗಲಾರದವು ಆಗ್ತಾವ, ಅವು ಮುಂದ ಉರಿಮೂತ್ರ ಆಗಿ ನನ್ನ ಪ್ಲೇಟ್ ಮ್ಯಾಲ ಬಂದು ಕುಂಡ್ರತಾವ, ಆವಾಗ ಆ ಲಿಸ್ಟಿನ್ಯಾಗ ಎಲ್ಲಾ ಔಷಧಿ ಮುಂದ ಆರ್, ಅಂದ್ರ ರೆಸಿಸ್ಟಂಟ್, ಬಗ್ಗಂಗಿಲ್ಲ ಅಂತ ಟೈಪ್ ಮಾಡಾಕಿ ನಾನ.

ಅಣ್ಣಗ ಈಗ 41. ಆರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಬರ್ತಾನ, ಸಾಲಿಗೆ ಹೊಳ್ಳಿ ಹೋಗಾಕತ್ಯಾನ, ಬೆರಳ ತುದಿ ಇನ್ನೂ ಜುಮ್ ಅಂತಾವಂತ, ಬೋರ್ಡ್ ಮ್ಯಾಲ ಬರಿಯೂ ಮುಂದ ಖಡು ಜಾರ್ತೈತಿ ಅಂತಾನ. ಡಾಕ್ಟರು ಒಂದ್ ಮಾತು ಮೊದಲ ದಿನಾನ ಹೇಳಿದ್ರು: ಒಡಹುಟ್ಟಿದವರು ಎಲ್ಲಾರೂ ಒಮ್ಮೆ ಕ್ಯಾಮೆರಾ ಹಾಕಿಸ್ಕೋಬೇಕು, ಇವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲ. ಅಂದ್ರ 29ಕ್ಕ. ಅಣ್ಣನ ತಮ್ಮಗ ಆಗಲೇ 33 ಆಗೈತಿ. ಗಂಟು ಸಣ್ಣ ಬೊಕ್ಕಿ ಇದ್ದಾಗ ಸಿಕ್ರ ಕ್ಯಾಮೆರಾ ಒಳಗಿಂದನ ಕಿತ್ತು ಹಾಕ್ತಾರ, ಅದು ಕ್ಯಾನ್ಸರ್ ಆಗಾಕ ಸುಮಾರು ಹತ್ತು ವರ್ಷ ಹಿಡಿತೈತಿ, ಅಷ್ಟ ಟೈಮ್ ಕೊಡೂ ಕ್ಯಾನ್ಸರ್ ಭಾಳ ಇಲ್ಲ. ಇದನ್ನ ತಮ್ಮಗ ಎಷ್ಟ್ ಸಲ ಹೇಳೀನಿ. ದಸರಾ ಆಗ್ಲಿ ಅಂದ, ಸುಗ್ಗಿ ಆಗ್ಲಿ ಅಂದ, ಆಮ್ಯಾಲ ಫೋನ್ ಎತ್ತೂದ ಬಿಟ್ಟ. ನಾಚಿಕಿ, ಮತ್ತೇನಲ್ಲ. ಅಣ್ಣಗೂ ಅದ ನಾಚಿಕಿ ಒಂದ್ ವರ್ಷ ತಿಂದಿತ್ತು.

ಹೋದ ಶುಕ್ರವಾರ ಸಂಜಿಕ್ಕ ಪ್ಲೇಟ್ ಇಟ್ಟು ಕೈ ತೊಳ್ಕೊಂಡು ಬಾಗ್ಲಾ ಹಾಕಾಕತ್ತಿದ್ದೆ, ತಮ್ಮನ ಫೋನ್ ಬಂತು. ಹಲೋ ಇಲ್ಲ, ಆರಾಮ ಇದ್ದೀಯೇನ ಇಲ್ಲ.

"ಅಕ್ಕಾ, ಈ ಪುಡಿ ಎರಡ್ ಲೀಟರ್ ನೀರಾಗ ಕಲಸು ಅಂತ ಬರದೈತಿ, ನಮ್ಮ ತಂಬಿಗಿ ಎಷ್ಟ್ ಹಿಡೀತೈತಿ?"

"ಯಾವ ಪುಡಿ?"

"ಅದ, ನಾಳೆ ಮುಂಜಾನಿ ಕ್ಯಾಮೆರಾ ಐತಲ್ಲ."

ತಂಬಿಗಿ ಬಿಡು, ಒಂದ್ ಲೀಟರ್ ನೀರಿನ ಬಾಟ್ಲಿ ಎರಡ್ ತುಂಬ್ಕೊಂಡು ಕಲಸು ಅಂತ ಹೇಳಾಕತ್ತಿದ್ದೆ, ಅಷ್ಟರಾಗ ಹಿಂದಿಂದ ಅಣ್ಣ ಒದರೂದು ಕೇಳಿಸ್ತು, ಪಡಸಾಲಿಯಿಂದ, ಓಣಿ ಮಂದಿಗೆಲ್ಲಾ ಕೇಳೂವಂಗ: "ಲಿಂಬಿಹಣ್ಣು ಹಿಂಡ್ಕೊಳ್ಳೋ ಅದಕ್ಕ, ಇಲ್ಲಂದ್ರ ಗಂಟಲದಾಗ ಇಳ್ಯಂಗಿಲ್ಲ! ಮತ್ತ ಸಂಡಾಸಕ್ಕ ಹತ್ರ ಕುರ್ಚಿ ಹಾಕ್ಕೋ, ರಾತ್ರಿಯೆಲ್ಲಾ ಅಲ್ಲೇ ನಿನ್ನ ಸಾಲಿ!"